ಗೌಡನ ಪಾತ್ರ, ಕೈಯಲ್ಲಿ ಬಾರಕೋಲು

ನಗೆಪಾಟಲನ್ನು ನಾನೆಂದೂ ಹುಡುಕಿಕೊಂಡು ಹೋದವನಲ್ಲ; ಅದೇ ನನ್ನ ಮನೆ ಕೇಳಿಕೊಂಡು ಬರುತ್ತದೆ. ಹೋದ ವರ್ಷ ನಮ್ಮ ಊರ ಶಾಲೆಯ ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡೆವು. ಬೆಳಿಗ್ಗೆ ಸನ್ಮಾನ, ಮಧ್ಯಾಹ್ನ ನಾಟಕ. ಜಮಖಂಡಿಯ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಕಂಡಕಂಡವರಿಗೆಲ್ಲ ತಲೆಯಾಡಿಸುತ್ತ ಬಂದ ಗುಮಾಸ್ತ ನಾನು. ನನಗೆ ದುಷ್ಟ ಗೌಡನ ಪಾತ್ರ ಸಿಕ್ಕಿತು! ಹಿಗ್ಗಿ ಹೀರೇಕಾಯಿಯಾದೆ. ಆದರೆ ನಾಟಕ ಕಲಿಸುವ ಮಾಸ್ತರರು ಕರಾರು ಹಾಕಿದರು.

"ಬಾರಕೋಲ ಛಟೀರ್ ಅನ್ನಬೇಕು. ಅನ್ನಲಿಲ್ಲಂದ್ರ ಗೌಡಕಿ ಹೋತು. ಹೊಡತಾ ತಿನ್ನೋ ಆಳಿನ ಪಾರ್ಟು ನಿಂದು."

ಎತ್ತು ಎಂಥಾವು?

ಹಗ್ಗ, ಮೂಗುದಾರ ಮಾರುವ ಅಂಗಡಿಗೆ ಹೆಂಡತಿಯ ಜೊತೆ ಹೋದೆ.

"ಒಂದು ಬಾರಕೋಲ ಕೊಡ್ರಿ."

"ಎತ್ತು ಎಂಥಾವ್ರಿ ನಿಮ್ಮವು?"

"ಎತ್ತಿಲ್ಲರಿ."

"ಹೋರಿ?"

"ಅದೂ ಇಲ್ಲ. ಮನ್ಯಾಗ ನಾವಿಬ್ಬರ."

ಅಂಗಡಿಯವ ನನ್ನನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಆಮೇಲೆ ಬಾರಕೋಲನ್ನು ಕಾಗದದಲ್ಲಿ ಸುತ್ತಿ ಅವಳ ಕೈಗೇ ಕೊಟ್ಟ.

"ಸಾವಕಾಶ ಬಳಸ್ರಿ, ಅಕ್ಕಾರ. ಪಾಪ, ಸಣ್ಣ ಜೀವ ಅದಾರ."

ಮೊದಲನೇ ಪ್ರಾಣಿ

ಕಲಿಯಲು ಗಲಗಲಿಯ ಸೋದರಮಾವನ ಹೊಲಕ್ಕೆ ಹೋದೆ. ಮಾವನ ಬಳಿ ಎರಡು ಎತ್ತು ಇವೆ, ಬೈಗುಳಕ್ಕಂತೂ ಬರವೇ ಇಲ್ಲ.

"ಚಷ್ಮಾ ಹಾಕ್ಕೋ. ತಲಿಗಿ, ಕಿವಿಗಿ ರುಮಾಲ ಸುತ್ತು. ಸುತ್ತ ಹತ್ತು ಹೆಜ್ಜಿ ಯಾರೂ ನಿಂದರಬಾರದು. ಶಕ್ತಿ ಹಾಕಬ್ಯಾಡ. ಮೈಯಿಂದ ದೂರ ಬೀಸಿ, ಮಣಿಕಟ್ಟು ತಿರುವಿ, ತಟ್ನ ನಿಲ್ಲಸು. ತುದಿ ತಾನ ಸಿಡೀತೈತಿ."

ನಾನೋ, ಇಪ್ಪತ್ತು ವರ್ಷದ ಸಾಹೇಬರುಗಳನ್ನೆಲ್ಲ ನೆನೆಸಿಕೊಂಡು ಬೀಸಿದೆ. ಸದ್ದು ಬರಲಿಲ್ಲ, ಮೀನಖಂಡದ ಮೇಲೆ ಬಾಸುಂಡೆ ಬಂತು. ಇನ್ನೊಮ್ಮೆ ಬೀಸಿದೆ, ಬೆನ್ನಿಗೆ ಬಂತು. ಅಳುವೊಂದು ಬಾಕಿ.

"ಮಾವಾ, ಎತ್ತುಗಳು ಈ ಏಟು ಹೆಂಗ ತಡಕೊಳ್ತಾವರಿ?"

"ಎತ್ತಿಗೆ ಯಾವಾಗ ಹೊಡದೇನಲೇ? ಅವು ಸಪ್ಪಳಕ್ಕ ನಡೀತಾವ. ನಮ್ಮ ಹೊಲದಾಗ ಬಾರಕೋಲ ಏಟು ತಿಂದ ಮೊದಲನೇ ಪ್ರಾಣಿ ನೀನ."

ಮಾಳಿಗೆಯ ಮೇಲೆ

ರುಮಾಲಿನ ಮೇಲೆ ನಂಬಿಕೆ ಹೋಗಿ, ಮನೆಯ ಮಾಳಿಗೆ ಮೇಲೆ ಹೆಲ್ಮೆಟ್ ಹಾಕಿಕೊಂಡು ಅಭ್ಯಾಸ ಶುರು ಮಾಡಿದೆ. ಪಕ್ಕದ ಮನೆಯವರು ಇಣುಕಿದರು.

"ಗಾಡಿ ಮ್ಯಾಲ ಒಂದ ದಿನಾ ಹೆಲ್ಮೆಟ್ ಹಾಕ್ಕೊಂಡವರಲ್ಲ ನೀವು. ಮಾಳಿಗಿ ಮ್ಯಾಲ ಯಾಕ್ರಿ?"

"ರಸ್ತಾದಾಗ ಮಂದಿ ಮ್ಯಾಲ ಭರೋಸಾ ಐತ್ರಿ. ಇಲ್ಲಿ ನಾನೊಬ್ಬನ ಅದೇನಲ್ಲ!"

ಹದಿನೈದನೇ ದಿನ ಬಾರಕೋಲು ಛಟೀರ್ ಅಂದಿತು. ಮಾಸ್ತರರ ಎದುರೂ ಅಂದಿತು. ಗೌಡಕಿ ಉಳಿಯಿತು. ಅವತ್ತು ಕಚೇರಿಯಲ್ಲಿ ಎದೆ ಉಬ್ಬಿಸಿಕೊಂಡು ನಡೆದೆ. ಸಾಹೇಬರು, "ಬೆನ್ನು ನೋವೇನ್ರಿ?" ಎಂದು ಕೇಳಿದರು.

ರೈತನ ಮಗ

ನಮ್ಮ ಕಡೆ ನಾಟಕವನ್ನು ನಡುವೆಯೇ ನಿಲ್ಲಿಸಿ, ಸ್ಟೇಜಿನ ಮೇಲೆ ಪಾತ್ರಧಾರಿಗಳಿಗೆ ಶಾಲು ಹೊದಿಸಿ, ಉಡುಗೊರೆ ಕೊಟ್ಟು ಆಯೇರಿ ಮಾಡುವುದು ರೂಢಿ. ಸತ್ತು ಬಿದ್ದವನೂ ಎದ್ದು ಶಾಲು ಹೊದಿಸಿಕೊಂಡು, ಕೈಮುಗಿದು, ಮತ್ತೆ ಬಿದ್ದು ಸಾಯುತ್ತಾನೆ.

ನಾಟಕದ ದಿನ, ಆಳಿನ ಪಾತ್ರದವ ನನ್ನ ಕಾಲಿಗೆ ಬಿದ್ದಿದ್ದ. ಊರಿಗೆ ಊರೇ ಉಸಿರು ಹಿಡಿದು ಕೂತಿತ್ತು. ಬಾರಕೋಲು ಎತ್ತಿದೆ. ಅಷ್ಟರಲ್ಲಿ ಮೈಕು ಕೂಗಿತು: "ಒಂದು ನಿಮಿಷ! ನಮ್ಮ ಮುಖಂಡರಿಂದ ಆಯೇರಿ!"

ಮುಖಂಡರು ಬಂದರು, ಶಾಲು ಹೊದಿಸಿದರು, ಕ್ಯಾಮರಾ ಕಂಡರು. ಅಲ್ಲಿಗೆ ಮುಗಿಯಿತು.

"ತಾ ಇಲ್ಲೆ ಅದನ್ನ. ನಾನೂ ರೈತನ ಮಗಾ."

ಪ್ರತಿ ಭಾಷಣದಲ್ಲೂ ಅವರು ಹೇಳುವ ಮಾತಿದು. ಅವರು ಹೊಲದಲ್ಲಿ ಕಾಲಿಟ್ಟಿದ್ದನ್ನು ಕಂಡವರಿಲ್ಲ.

"ಸಾಹೇಬ್ರ, ಸಾವಕಾಶ. ಮಣಿಕಟ್ಟು ಹಿಂಗ..."

"ನನಗ ಕಲಸ್ತೀಯೇನು?"

ನಾನು ಆಳನ್ನು ಎಳೆದುಕೊಂಡು ಹಿಂದೆ ಓಡಿದೆ. ಮುಖಂಡರು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಬೀಸಿದರು. ಬಾರು ಗಾಳಿಯಲ್ಲಿ ಒಂದು ಸುತ್ತು ಹಾಕಿ, ಅವರ ಬಿಳಿ ಟೋಪಿ ಹಾರಿಸಿ, ತಿರುಗಿ ಬಂದು ಅವರ ಕುಂಡಿಯ ಮೇಲೇ ಕೂತಿತು. ಛಟೀರ್! ಹದಿನೈದು ದಿನ ಬೆವರು ಸುರಿಸಿದ ನನಗೂ ಅಂಥ ಸಪ್ಪಳ ಒಲಿದಿರಲಿಲ್ಲ.

ಜನರಿಂದ ಶಿಳ್ಳೆಯೋ ಶಿಳ್ಳೆ. "ವನ್ಸ್ ಮೋರ್! ವನ್ಸ್ ಮೋರ್!"

ನನ್ನ ಹೊಟ್ಟೆ ಉರಿಯಿತು. ಕೈಚಾಚಿದೆ. "ಕೊಡ್ರಿ ಸಾಹೇಬ್ರ, ಈ ಸೀನು ನಂದು."

ಮುಖಂಡರು ಕಣ್ಣೀರು ಒರೆಸಿಕೊಂಡು, ಹಿಂದೆ ಸವರಿಕೊಂಡು, ನನ್ನ ಕೈ ತಳ್ಳಿದರು.

"ತಡಿಯೋ, ಮಂದಿ ಕೇಳಾಕತ್ತಾರ," ಎಂದವರೇ ಮತ್ತೊಮ್ಮೆ ಬೀಸಿದರು.