ಲೈಬ್ರರಿ ರಸ್ತೆಗೊಂದು ಸಿಗ್ನಲ್

ಸರ್ಕಾರದ ಬಾಗಿಲಿಗೆ ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಮೈಸೂರಿನಲ್ಲಿ ಆಗುತ್ತಿತ್ತು, ನ್ಯೂಜೆರ್ಸಿಗೆ ಮಗಳ ಮನೆಗೆ ಬಂದರೂ ಬಿಡಲಿಲ್ಲ.

೧. ಯಾರನ್ನು ಹಿಡಿಯಬೇಕು?

ವೈ-ಟು-ಕೆ ಕೆಲಸದ ಭರಾಟೆಯ ಕಾಲ. ನಮ್ಮ ಅಪಾರ್ಟ್‌ಮೆಂಟ್ ತುಂಬ ಕಂಪ್ಯೂಟರಿನವರು. ಅವರೆಲ್ಲ ಆಫೀಸಿಗೆ ಹೋದಮೇಲೆ ಉಳಿಯುತ್ತಿದ್ದವರು ನಮ್ಮಂಥ ಮುದುಕಿಯರು. ನಡೆದು ಹೋಗಲು ಇದ್ದದ್ದು ಒಂದೇ ಜಾಗ, ಎದುರಿನ ಲೈಬ್ರರಿ. ನಡುವೆ ರಸ್ತೆ, ಸಿಗ್ನಲ್ ಇಲ್ಲ. ಒಂದು ದಿನ ಪಕ್ಕದ ಮನೆಯ ಧಾರವಾಡದಾಕೆಯ ಸೆರಗು ಸವರಿಕೊಂಡೇ ಕಾರೊಂದು ಹೋಯಿತು. ಆಮೇಲೆ ಆಕೆ ಲೈಬ್ರರಿಯ ಆಸೆಯನ್ನೇ ಬಿಟ್ಟುಬಿಟ್ಟರು.

ಅಳಿಯನನ್ನು ಕೇಳಿದೆ: "ಸಿಗ್ನಲ್ ಹಾಕಿಸೋಕೆ ಇಲ್ಲಿ ಯಾರನ್ನು ಹಿಡೀಬೇಕಪ್ಪ?"

"ಯಾರನ್ನೂ ಹಿಡಿಯೋದು ಬೇಡ ಅತ್ತೆ. ಟೌನ್ ಮೀಟಿಂಗಲ್ಲಿ ಯಾರು ಬೇಕಾದ್ರೂ ಎದ್ದು ಕೇಳಬಹುದು."

"ಟ್ಯಾಕ್ಸ್ ಕಟ್ಟದವರೂ?"

"ನಾವು ಕೊಡೋ ಬಾಡಿಗೇಲೇ ಟ್ಯಾಕ್ಸ್ ಸೇರಿರುತ್ತೆ."

ಧಾರವಾಡದಾಕೆಗೆ ಇದನ್ನು ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟರು. "ಹಂಗಾದ್ರ ಆ ರಸ್ತೆ ನಮ್ದ ಆತಲ್ರೀ ಅಕ್ಕಾರ! ನಮ್ಮ ರಸ್ತೆದಾಗ ನಮಗ ಹಾಯಾಕ ಬಂದಿತ್ತಲ್ಲ ಆ ಕಾರು!"

೨. ಬೈಯುವವನು

ಅಳಿಯ ನಮ್ಮಿಬ್ಬರನ್ನೂ ಮೀಟಿಂಗಿಗೆ ಬಿಟ್ಟ. ಒಬ್ಬ ಎದ್ದುನಿಂತು, ತನ್ನ ಬೀದಿಯ ಹಿಮ ತೆಗೆದಿಲ್ಲವೆಂದು ಮೇಯರ್ ಕಡೆ ಬೆರಳು ತೋರಿಸಿ ಕೂಗಾಡಿದ: "ನಿನ್ನ ಸಂಬಳ ಕೊಡೋನು ನಾನು!"

ಇವನ ಕಥೆ ಮುಗಿಯಿತು ಎಂದುಕೊಂಡೆ. ಬಾಗಿಲಲ್ಲಿದ್ದ ಪೊಲೀಸಿನವ ಆಕಳಿಸಿದ. ಮೇಯರ್ ಎಲ್ಲ ಕೇಳಿ, "ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್. ನಾಳೆ ತೆಗೆಸ್ತೀನಿ. ನಿಮ್ಮ ಹೆಂಡತಿ ಕಾಲುನೋವು ಹೇಗಿದೆ?" ಎಂದ.

ನನಗೆ ಮೈ ಜುಮ್ಮೆಂದಿತು. ದೊರೆಯನ್ನು ಬೈದು, ದೊರೆಯಿಂದಲೇ ಯೋಗಕ್ಷೇಮ ಕೇಳಿಸಿಕೊಂಡು ಮನೆಗೆ ಹೋಗುವುದೆಂದರೆ!

ಪಕ್ಕದಿಂದ ಪಿಸುಮಾತು: "ಅಕ್ಕಾರ, ನಾವೂ ಒಂಚೂರು ಬೈಯೋಣೇನ್ರೀ? ಕೆಲಸ ಲಗೂ ಆದೀತು."

೩. ವೇದಿಕೆಯ ಮೇಲಿರುವ ಗಣ್ಯರೇ

ಒಬ್ಬೊಬ್ಬರಿಗೆ ಮೂರು ನಿಮಿಷ. ಮೈಸೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳು ನಾನು, ಭಾಷೆಯ ಭಯವಿರಲಿಲ್ಲ. ಸಭೆಯೆಂದಮೇಲೆ ಕ್ರಮ ತಪ್ಪಬಾರದಲ್ಲ. ಸಭಾಧ್ಯಕ್ಷರಿಗೆ, ವೇದಿಕೆಯ ಮೇಲಿರುವ ಗಣ್ಯರಿಗೆ ಒಬ್ಬೊಬ್ಬರಿಗೂ, ಬರೆದುಕೊಳ್ಳುವ ಗುಮಾಸ್ತೆಗೆ, ಪೊಲೀಸರಿಗೆ, ನೆರೆದ ತಾಯಂದಿರಿಗೆ, ಹಿಮದವನಿಗೂ ವಂದಿಸಿದೆ. "ಈಗ ನನ್ನ ವಿಷಯಕ್ಕೆ ಬರುತ್ತೇನೆ" ಎಂದೆ. ಮೂರು ನಿಮಿಷ ಮುಗಿಯಿತೆಂದು ಕೆಂಪು ದೀಪ ಹತ್ತಿತು.

ಮೇಯರ್ ತಬ್ಬಿಬ್ಬಾದ. "ಮೇಡಂ, ಇಲ್ಲಿ ನಮಗೆ ಇಷ್ಟು ಮರ್ಯಾದೆ ಯಾರೂ ಕೊಟ್ಟಿಲ್ಲ. ಆದರೆ ನಿಮಗೆ ಏನು ಬೇಕು ಅಂತ ಗೊತ್ತಾಗಲಿಲ್ಲ."

ನಿಯಮ ನಿಯಮವೇ. ನಾನು ಕೂತೆ. ಧಾರವಾಡದಾಕೆ ಎದ್ದರು. ಯಾರಿಗೂ ನಮಸ್ಕಾರವಿಲ್ಲ. ತಮಗೆ ಬರುವ ಇಂಗ್ಲಿಷಿನಲ್ಲಿ, "ಲೈಬ್ರರಿ ರೋಡ್. ನೋ ಸಿಗ್ನಲ್. ಯು ಕಮ್, ಯು ಕ್ರಾಸ್, ಯು ಸೀ" ಎಂದು ಹೇಳಿ ಕೂತರು. ಉಳಿದ ಸಮಯವನ್ನು ಬೇಕಾದವರು ತೆಗೆದುಕೊಳ್ಳಲಿ ಎನ್ನುವ ಹಾಗೆ ಕೈಬೀಸಿದರು.

೪. ನೋಡಲು ಬಂದವರು

ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ನೋಡಿದರೆ, ನಮ್ಮ ಕಡೆಯ ಫುಟ್‌ಪಾತಿನ ಪಕ್ಕ ಕಾರು ನಿಲ್ಲಿಸಿಕೊಂಡು ಮೇಯರೂ ಟೌನ್ ಎಂಜಿನಿಯರೂ ನಿಂತಿದ್ದಾರೆ! ಇಬ್ಬರು ಮುದುಕಿಯರ ಮಾತಿಗೆ! ಮೈಸೂರಿನಲ್ಲಿ ಒಂದು ಬೀದಿದೀಪದ ಬಲ್ಬಿಗೆ ಎಷ್ಟು ಮೆಟ್ಟಿಲು ಹತ್ತಿದ್ದೆನೋ. ಧಾರವಾಡದಾಕೆಯನ್ನೂ ಕರೆದುಕೊಂಡು ರಸ್ತೆಗೆ ಓಡಿದೆ.

ಮೇಯರ್ ಒಂದು ಹೆಜ್ಜೆ ಮುಂದಿಡುತ್ತಾನೆ, ಹಿಂದೆ ನೆಗೆಯುತ್ತಾನೆ. ಒಬ್ಬ ಹಾರ್ನ್ ಬಾರಿಸಿ ಬೈದೂ ಹೋದ. ನನಗೆ ಪಾಪ ಅನ್ನಿಸಿತು. "ಕೈ ಹಿಡ್ಕೊಳ್ಳಿ" ಎಂದೆ. ಹಿಡಿದುಕೊಂಡ. ನಮ್ಮೂರ ಪದ್ಧತಿಯಂತೆ ಇನ್ನೊಂದು ಕೈ ಮೇಲೆತ್ತಿ ನಾನು ನೇರ ನಡೆದೆ. ಬ್ರೇಕುಗಳು ಕಿರುಚಿದವು. ಮೇಯರ್ ಕಣ್ಣುಮುಚ್ಚಿಕೊಂಡೇ ಬಂದ.

ಲೈಬ್ರರಿ ಕಡೆ ಮುಟ್ಟಿದಮೇಲೆ ಬೆವರೊರೆಸಿಕೊಂಡು, ಆ ಕಡೆ ನಿಂತಿದ್ದ ಎಂಜಿನಿಯರಿಗೆ ಕೂಗಿದ: "ಸಿಗ್ನಲ್ ಹಾಕಿಸು! ಈ ತಿಂಗಳೇ!"

ಧಾರವಾಡದಾಕೆ ಆ ಕಡೆಯಿಂದಲೇ ಚಪ್ಪಾಳೆ ತಟ್ಟಿದರು. ನಾನು ಥ್ಯಾಂಕ್ಸ್ ಹೇಳಿ ಲೈಬ್ರರಿಯ ಬಾಗಿಲಿಗೆ ತಿರುಗಿದೆ. ಹಿಂದಿನಿಂದ ಮೇಯರ್ ಮೆಲ್ಲಗೆ ಕರೆದ:

"ಮೇಡಂ, ನನ್ನ ಕಾರು ಆ ಕಡೆ ಇದೆ."