ಔರಾದದ ಡಬ್ಬಿಯ ದೀಪ

ಗೋದಾಮುಗಳ ಕಂಪ್ಯೂಟರ್ ನೋಡಿಕೊಳ್ಳುವ ಪಂಢರಿ ಹಳೇ ಬನಿಯನ್ನಿನ ತುಂಡಿನಿಂದ ಸರ್ವರ್ ಮೇಲಿನ ಧೂಳು ಒರೆಸುತ್ತಿದ್ದ. ಮಳೆ ಕೈಕೊಟ್ಟ ಎರಡನೇ ವರ್ಷ. ಬೀದರಕ್ಕೆ ಹೊಂದಿದ ಕೊಳಾರದ ಆ ಗೋದಾಮಿನಲ್ಲಿ ತೊಗರಿಗಿಂತ ಧೂಳೇ ಹೆಚ್ಚಿತ್ತು.

ಮಾಲೀಕ ಗಫೂರ ಸಾಹೇಬರು ಬಾಗಿಲಲ್ಲಿ ನಿಂತರು. “ಇವತ್ತ ಔರಾದ ಗೋದಾಮಿಗಿ ಲಾರಿ ಬರ್ತಾವ. ಕಂಪ್ಯೂಟರ್ ಲೈನ್ ಹೋಗಿ ತೂಕದ ಲೆಕ್ಕ ನಿಂತಿತಂದ್ರ ನಾಳಿ ನೀನೂ ಹೈದ್ರಾಬಾದ ಗಾಡಿ ಹತ್ತು.”

ಊರಿನ ಅರ್ಧ ಜನ ಅಲ್ಲಿಗೆ ದುಡಿಯಲು ಹೋಗಿ, ಮನೆಗಳಿಗೆ ಬೀಗ ಬಿದ್ದಿತ್ತು. ಪಂಢರಿ ಗಡಬಡಿಸಿ ಪಿಂಗ್ ಹೊಡೆದ. ದೂರದ ಯಂತ್ರದ ಬಾಗಿಲು ಬಡಿದು, ಇದ್ದೀಯಾ ಎಂದು ಕೇಳುವ ಆಜ್ಞೆ ಅದು. ಭಾಲ್ಕಿಯ ಗೋದಾಮು ಓಗೊಟ್ಟಿತು. ಔರಾದ ನಾಲ್ಕು ಸಲ ಓಗೊಟ್ಟು, ಮುನಿದ ಬೀಗರಂತೆ ಸುಮ್ಮನಾಯಿತು.

ಅಲ್ಲಿನ ಕಾವಲುಗಾರ ಮಡೆಪ್ಪನಿಗೆ ಫೋನು ಹೋಯಿತು.

“ಎಲ್ಲಾ ಬಂದೋಬಸ್ತ್ ಅದರಿ,” ಎಂದ ಮಡೆಪ್ಪ, ಪಿಸುದನಿಯಲ್ಲಿ.

ಲೈನ್ ಬಂತು. ಖಾತ್ರಿಗೆಂದು ಪಂಢರಿ ಮತ್ತೆ ಪಿಂಗ್ ಹೊಡೆದ. ಮತ್ತೆ ಹೋಯಿತು.

“ನೀ ಕೇಳಿದಾಗೇ ಸಾಯ್ತದಲ್ಲೋ ತಮ್ಮಾ,” ಎಂದಳು ಲೆಕ್ಕದ ಸುಭದ್ರಾಬಾಯಿ. “ಕೆಡಸಾಂವ ನೀನೇ ಇರ್ಬೇಕು.”

ಸಾಹೇಬರು ಪಂಢರಿಯ ಬೆರಳುಗಳನ್ನೇ ದಿಟ್ಟಿಸಿದರು. ಪಂಢರಿಗೋ ಸುಭದ್ರಾಬಾಯಿಯ ಮೇಲೇ ಗುಮಾನಿ. ಪಿಂಗ್ ಬಿಡದೆ ಓಡುವಂತೆ ಇಟ್ಟು, ಯಾರೂ ಮುಟ್ಟಬಾರದೆಂದು ಕೋಣೆಗೆ ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ ಔರಾದ ಬಸ್ಸು ಹತ್ತಿದ.

ಅಲ್ಲಿ ಮಡೆಪ್ಪ, ಲೈನ್ ಹಿಡಿಯುವ ದೀಪದ ಡಬ್ಬಿಯ ವೈರನ್ನು ಹೊಡೆದ ಹಾವಿನಂತೆ ಹಿಡಿದು ನಿಂತಿದ್ದ!

“ಯಾಕ ಕಿತ್ತೀಯೋ ಮಾರಾಯಾ?”

“ಡಬ್ಬಿ ಕೂಡಸೋ ದಿನ ನೀವೇ ಹೇಳಿದ್ರಲ್ರಿ! ಕೆಲಸದಾಗ ದೀಪ ಹ್ಯಾಂಗ್ಯಾಂಗೋ ಮಿಣಕತದ, ಒಂದೇ ಸಮ ಬಡಕೊಂಡ್ರ ಕಳ್ಳ ಬಾಗಿಲು ಬಡೀಲಾಕತ್ತಾನ, ವೈರ್ ಕಿತ್ತಬಿಡು ಅಂತ. ನೀವು ಫೋನ್ ಮಾಡಿದ ಮ್ಯಾಲ ಹಚ್ಚಿ ನೋಡ್ದೆ. ಮತ್ತ ಬಂದ!”

“ಫೋನಿನಾಗ ಹೇಳಬೇಕಿಲ್ಲ?”

“ಕಳ್ಳ ಕೇಳಿಸ್ಕೊಂಡಿದ್ರ?”

“ಕಳ್ಳ ಅಲ್ಲ ಮಡೆಪ್ಪಣ್ಣ, ಬಡಿಯಾಂವ ನಾನೇ!”

ಮಡೆಪ್ಪ ವೈರ್ ಹಚ್ಚಿದ. ಬೀಗ ಜಡಿದ ಕೋಣೆಯಲ್ಲಿ ಪಿಂಗ್ ಇನ್ನೂ ಓಡುತ್ತಲೇ ಇತ್ತು; ದೀಪ ಟಕ್ ಟಕ್ ಎಂದು ಒಂದೇ ಸಮ ಮಿಣುಕಿತು. ಅವನು ದೀಪ ನೋಡಿದ, ಪಂಢರಿಯನ್ನು ಅಡಿಯಿಂದ ಮುಡಿಯತನಕ ನೋಡಿದ.

“ನೀವು ಇಲ್ಲೇ ನಿಂತೀರಿ. ಹಂಗಾರ ಬೀದರದಾಗ ಬಡಿಯಾಂವ ಯಾರ್ರೀ?”

ವೈರ್ ಕಿತ್ತ. ಹೊರಗೆ ಲಾರಿಗಳ ಹಾರ್ನು. ಜೇಬಿನಲ್ಲಿ ಕೀಲಿಕೈಯ ಪಕ್ಕ ಫೋನು ಕಿರುಚತೊಡಗಿತು; ಸಾಹೇಬರು. ಪಂಢರಿ ಕೈ ಚಾಚಿದ. ಮಡೆಪ್ಪ ವೈರನ್ನು ಬೆನ್ನ ಹಿಂದೆ ಅಡಗಿಸಿ, ಬಡಿಗೆ ಅಡ್ಡ ಹಿಡಿದ.

“ಮಡೆಪ್ಪಣ್ಣ, ಆ ವೈರ್ ಒಂದಿಷ್ಟು ಹಚ್ಚರಿ.”