ಮಾವನವರ ಫೋಟೋದೊಳಗೆ ನಾನು

ಒಂದು ಫೋಟೋದೊಳಗೆ ಇನ್ನೊಂದನ್ನು ಬಚ್ಚಿಡುವ ವಿದ್ಯೆಯನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಇಷ್ಟು ಸುಲಭವೆಂದು ಮೊದಲೇ ತಿಳಿದಿದ್ದರೆ ಇನ್ನಷ್ಟು ತಪ್ಪು ಮಾಡಬಹುದಿತ್ತು!

ಬಚ್ಚಿಡಬೇಕಾದದ್ದು ಒಂದೇ ಫೋಟೋ. ಬೆಳಗಾವಿಯ ಅಂಗಡಿಯೊಂದರಲ್ಲಿ ಕುಂದಾ ತುಂಬಿದ ಚಮಚವನ್ನು ಬಾಯಿಗೆ ಒಯ್ಯುತ್ತಿರುವ ನನ್ನ ಸೆಲ್ಫಿ. ಸಕ್ಕರೆ ಕಾಯಿಲೆ ಬಂದ ಮೇಲೆ ಸಿಹಿ ಮುಟ್ಟುವುದಿಲ್ಲವೆಂದು ಹೆಂಡತಿ ಶೈಲಾಳ ತಲೆ ಮುಟ್ಟಿ ಆಣೆ ಮಾಡಿದ್ದೆ. ಸಿಕ್ಕಿಬಿದ್ದರೆ ಮಹಾಂತೇಶ ನಗರದ ಮನೆಯಿಂದ ನಾನೊಬ್ಬನೇ ಹೊರಡುವ ಸಂಜೆಯ ವಾಕಿಂಗ್ ಬಂದ್. ಅಳಿಸಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಆದರೆ ಅದರಲ್ಲಿ ನಾನು ಬಹಳ ಚಂದ ಬಂದಿದ್ದೆ.

ಹೊದಿಕೆಗೆ ಖಾನಾಪುರದ ಮಾವನವರ ಫೋಟೋ ಆರಿಸಿದೆ. ಬಿಳಿ ಗೋಡೆ, ಬಿಳಿ ಧೋತರ, ಬಿಳಿ ಮೀಸೆ. ಅದನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಒಳಗಿನ ಚಿತ್ರಕ್ಕೆ ಸ್ವಲ್ಪವೇ ಜಾಗ ಕೊಡಿ, ಇಲ್ಲದಿದ್ದರೆ ಹೊರಗೆ ನೆರಳು ಕಾಣುತ್ತದೆ ಎಂದು ಆ್ಯಪ್ ಎಚ್ಚರಿಸಿತು. ನನ್ನ ಮುಖ ಮಸುಕಾಗುವುದೇ? ಅರ್ಧ ಪಾಲು ಕೊಟ್ಟೆ. ಮೊಬೈಲಿನ ಪುಟ್ಟ ಪರದೆಯಲ್ಲಿ ಏನೂ ಕಾಣಲಿಲ್ಲ.

ಮುಂದಿನ ವಾರ ಮಾವನವರಿಗೆ ಎಪ್ಪತ್ತೈದು ತುಂಬಿತು. ಶೈಲಾ ನನ್ನ ಮೊಬೈಲಿನಿಂದ ಅದೇ ಫೋಟೋವನ್ನು ಖಾನಾಪುರದ ಫ್ಲೆಕ್ಸ್ ಅಂಗಡಿಗೆ ಕಳಿಸಿದ್ದಳು. ನನಗೆ ಗೊತ್ತಾದದ್ದು ಹನ್ನೆರಡು ಅಡಿಯ ಫ್ಲೆಕ್ಸ್ ಮನೆಯೆದುರು ಎದ್ದು ನಿಂತಾಗ. ಮಾವನವರ ಪಕ್ಕ, ಬಿಳಿ ಗೋಡೆಯ ಮೇಲೆ, ಬಾಯಿ ತೆರೆದ ನನ್ನ ನೆರಳು!

“ಗ್ವಾಡಿಮ್ಯಾಲ ಏನೋ ಮಬ್ಬ ಕಲೆ ಇತ್ರಿ ಸಾಹೇಬ್ರ,” ಎಂದ ಫ್ಲೆಕ್ಸ್ ಅಂಗಡಿಯವನು. “ಸಾವಕಾರ್ರು ಎದ್ದು ಕಾಣ್ಲಿ ಅಂತ ಬಣ್ಣ ಗಡದ ಮಾಡಿದ್ನಿ. ಕಲೆನೂ ಗಡದ ಆತು.”

ಅಷ್ಟರಲ್ಲಿ ಮಾವನವರ ಅಕ್ಕ ಕೈಮುಗಿದರು. “ನಮ್ಮಪ್ಪ ಬಂದಾನ ನೋಡ್ರಿ, ಮಗಗ ಆಶೀರ್ವಾದ ಮಾಡಾಕ.”

ಮಾವನವರು ಕನ್ನಡಕ ಏರಿಸಿ ನೋಡಿದರು. “ಖರೇ ಐತಿ. ಹಲ್ಲಿಲ್ಲದ ಬಾಯಿ ಹಂಗ ಐತಿ.”

“ಕೈಯಾಗ ಚಮಚಾ ಐತಿ ನೋಡೋ. ತೀರ್ಕೊಳ್ಳೂಮುಂದ ಕುಂದಾ ಕೇಳಿದ್ದ, ನಾವು ಕೊಡಲಿಲ್ಲ,” ಎಂದು ಅಕ್ಕ ಅತ್ತೇಬಿಟ್ಟರು.

ನೆರಳಿಗೆ ಮಾಲೆ ಬಿತ್ತು. ಕುಂದಾದ ಎಡೆ ಬಂತು. ಬದುಕಿದೆ ಎಂದುಕೊಂಡು ನಾನೂ ಭಕ್ತಿಯಿಂದ ಕೈಮುಗಿದೆ. ನನಗೆ ನಾನೇ!

ಶೈಲಾ ಮಾತ್ರ ಹತ್ತಿರ ಹೋಗಿ ನೋಡಿದಳು. ಆಮೇಲೆ ನನ್ನ ಕಿವಿಯ ಬಳಿ ಬಂದಳು. “ಅಜ್ಜಾ ಹೋದಾಗ ನನಗ ಎಂಟ ವರ್ಷ. ನಾ ಹ್ವಾದ ದೀಪಾವಳಿಗಿ ನಿಮಗ ಕೊಡ್ಸಿದ ಚೌಕಳಿ ಅಂಗಿ ಅವಗ ಹೆಂಗ ಸಿಕ್ತರೀ?”

ಎಡೆಯ ಕುಂದಾ ಓಣಿಗೆಲ್ಲ ಹಂಚಿದರು. ನನ್ನ ಅಂಗೈಗೆ ಶೈಲಾ ಒಂದು ಹಿಡಿ ಮೆಂತ್ಯ ಹಾಕಿದಳು. ಈಗ ವಾಕಿಂಗಿಗೆ ಅವಳೂ ಬರುತ್ತಾಳೆ.

ಅದಾದರೂ ಹೋಗಲಿ. ಚಂದ ಬಂದಿದ್ದೇನೆ ಎಂದು ಉಳಿಸಿಕೊಂಡ ಫೋಟೋ ಅದು. ಅದರಲ್ಲಿರುವವನು ಇನ್ನೂ ಬದುಕಿದ್ದಾನೆ ಎಂದು ಖಾನಾಪುರದಲ್ಲಿ ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಅನ್ನಿಸಲಿಲ್ಲ.